ಹಿಂದಿನ ಚಕ್ರ ಹಿಡಿದವರು

ಇಳಿಜಾರು ಮುಗಿಯುತ್ತ ರಸ್ತೆ ತಿರುಗುವಲ್ಲಿ ಹಳೆಯ ಕಾರಿನ ಹಿಂದಿನ ಎರಡೂ ಚಕ್ರಗಳು ಕಚ್ಚಿಕೊಂಡವು. ಟೈರುಗಳು ಒಂದು ಮಾರು ದೂರ ರಸ್ತೆಯನ್ನು ಉಜ್ಜಿ ನಿಂತವು. ಮಡಚಿದ ಸೀಟಿನ ಮೇಲೆ, ಬಿಳಿ ಬಟ್ಟೆಯೊಳಗೆ ಮಲಗಿದ್ದ ಅಪ್ಪ ಒಂದಿಷ್ಟು ಮುಂದಕ್ಕೆ ಸರಿದರು. ಸ್ಟೇರಿಂಗ್ ಹಿಡಿದಿದ್ದ ಮಗಳು ಒಂದು ಕೈ ಹಿಂದೆ ಚಾಚಿ ಅವರ ಭುಜಕ್ಕೆ ಆನಿಸಿದಳು, ನಿದ್ದೆಯಲ್ಲಿ ಹೊರಳುವವರನ್ನು ತಡೆಯುವ ಹಾಗೆ.

ಹಿಂದೆ ನಡೆದು ಬರುತ್ತಿದ್ದ ಜನರೂ ನಿಂತರು.

ಅಣ್ಣ ಕಿಟಕಿಗೆ ಬಗ್ಗಿದ. "ವ್ಯಾನ್ ಹೇಳೋಣ ಅಂತ ಬಡ್ಕೊಂಡೆ. ಒಂದು ವರ್ಷದಿಂದ ಈ ಮುದುಕಿ ಇಲ್ಲೇ ಹೀಗೆ ಹಟ ಹಿಡೀತಾಳೆ."

"ಅಪ್ಪ ಇದರಲ್ಲೇ ಹೋಗ್ಲಿ, ಅಣ್ಣ."

"ಹೋದ್ರೆ ತಾನೇ."

ಹತ್ತಿರ ಬಂದ ಅತ್ತೆ, ಅಪ್ಪನ ಬೆನ್ನಿಗೆ ಬಿದ್ದ ತಂಗಿ, ಕಾರಿನ ಮೇಲೆ ಅಂಗೈ ಇಟ್ಟಳು. "ತೀರ್ಕೊಂಡು ವರ್ಷವಾದ್ರೂ ನಿಮ್ಮಮ್ಮ ಚಕ್ರ ಹಿಡ್ಕೊಂಡಿದಾರೆ ಕಣೇ. ಇಷ್ಟು ದಿನ ಸುಮ್ನೆ ಅಂದ್ಕೊಂಡಿದ್ದೆ. ಇವತ್ತು ನಂಗೇ ಮೈ ಜುಂ ಅಂತು."

ಜನರ ನಡುವಿನಿಂದ ಅಪ್ಪನ ಹಳೆಯ ಗಿರಾಕಿ, ಒಬ್ಬ ಲಾರಿ ಡ್ರೈವರ್, ಮೆಲ್ಲಗೇ ಹೇಳಿದ. ಆದರೂ ಕೇಳಿಸಿತು. "ಎಲ್ಲರ ಬ್ರೇಕೂ ಸರಿ ಮಾಡಿದ ಕೈ. ಕೊನೆಗೆ ತನ್ನ ಗಾಡೀದೇ ಗೊತ್ತಾಗ್ಲಿಲ್ಲ. ಕೈ ಕೆಟ್ಟುಹೋಗಿತ್ತು, ಪಾಪ."

ಅತ್ತೆಯ ಮಾತು ಮಗಳನ್ನು ಹೆದರಿಸಲಿಲ್ಲ. ಈ ಮಾತು ಮಾತ್ರ ಮುಳ್ಳಿನಂತೆ ಒಳಗೆ ಮುರಿದು ನಿಂತಿತು. ಅವಳು ಸೆರಗು ಸಿಕ್ಕಿಸಿ ಇಳಿದಳು.

"ವ್ಯಾನ್‌ಗೆ ಫೋನ್ ಮಾಡ್ಬೇಡ. ಸ್ವಲ್ಪ ತಡಿ."

*

ಮದುವೆಗೆ ಮುಂಚೆ ಅವಳು ಅಪ್ಪನ ಗಾಡಿ ರಿಪೇರಿ ಶೆಡ್ಡಿನಲ್ಲೇ ಕೆಲಸ ಕಲಿತವಳು. ಅಪ್ಪ ಚಕ್ರದೊಳಗಿನ ಬ್ರೇಕಿನ ಡ್ರಮ್ಮುಗಳನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈಯ ಹಿಂಬದಿಯನ್ನು ತಾಗಿಸಿ, ಕಣ್ಣು ಮುಚ್ಚಿ, ಯಾರೋ ಒಳಗಿನಿಂದ ಮಾತಾಡುತ್ತಿರುವಂತೆ ತಲೆ ಓರೆ ಮಾಡುತ್ತಿದ್ದರು. ಮಕ್ಕಳ ಹಣೆಯ ಜ್ವರ ನೋಡುತ್ತಿದ್ದದ್ದೂ ಹಾಗೆಯೇ.

"ಒಂದು ಚಕ್ರಕ್ಕೆ ಜ್ವರ ಇದ್ರೆ ಆ ಚಕ್ರದ್ದೇ ತಪ್ಪು. ಎರಡಕ್ಕೂ ಇದ್ರೆ ಚಕ್ರಗಳನ್ನ ಬೈಬೇಡ. ಎರಡಕ್ಕೂ ಸೇರಿದ್ದು ಯಾವುದು, ಅದನ್ನ ಹುಡುಕು."

ಅಮ್ಮನಿಗೆ ಆ ಕಾರಿನಲ್ಲಿ ಹಿಂದಿನ ಸೀಟೇ ಬೇಕು. ಎಲ್ಲಿಗೆ ಹೊರಟರೂ ಇದೇ ತಿರುವಿನಲ್ಲಿ ಅವಳಿಗೆ ನೆನಪಾಗುವುದು. "ನಿಲ್ಸಿ. ಬೀಗ ಹಾಕಿದೀನಾ?"

"ಹಾಕಿದೀಯ ಮಹಾತಾಯಿ, ನೇತಾಡಿ ಬೇರೆ ನೋಡಿದೀಯ."

"ಆದ್ರೂ ಒಂದ್ಸಲ."

ಅಪ್ಪ ಗೊಣಗುತ್ತ ಏರು ಹತ್ತಿ ಹೋಗಿ, ಬೀಗ ಎಳೆದು ನೋಡಿ ಬರುತ್ತಿದ್ದರು. ಹೋದ ವರ್ಷ ಆಸ್ಪತ್ರೆಗೆ ಹೊರಟ ದಿನ ಅಮ್ಮನ ತಲೆ ಮಗಳ ತೊಡೆಯ ಮೇಲಿತ್ತು. ತಿರುವು ಬಂತು. ಅಮ್ಮ ಕೇಳಲಿಲ್ಲ. ಅಪ್ಪ ತಾವಾಗಿಯೇ ಕಾರು ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರು.

"ಬೀಗ ನೋಡಿ ಬರ್ಲಾ?"

ಅಮ್ಮ ಕಣ್ಣು ತೆರೆಯಲಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ಕಾದಿದ್ದರು.

*

ತಿರುವಿನ ಅಂಗಡಿಯ ದರ್ಜಿ ಹೊರಗೆ ಬಂದು, ಗೋಡೆಯ ಬುಡದಲ್ಲಿದ್ದ ಕಲ್ಲೊಂದನ್ನು ಕಾಲಿನಿಂದ ಮುಂದಿನ ಚಕ್ರದ ಕಡೆ ನೂಕಿದ. "ಇದನ್ನ ಚಕ್ರದಡಿ ಕೊಡಿ. ನಿಮ್ಮ ತಂದೆಯವರದೇ ಕಲ್ಲು."

ಅವಳು ಕಲ್ಲು ಕೊಟ್ಟು, ಕೈಯ ಹಿಂಬದಿಯನ್ನು ಒಂದೊಂದೇ ಚಕ್ರಕ್ಕೆ ತಾಗಿಸಿದಳು. ಮುಂದಿನವೆರಡೂ ತಣ್ಣಗಿದ್ದವು. ಹಿಂದಿನವೆರಡೂ ಬೆಚ್ಚಗಿದ್ದವು, ಒಂದೇ ಸಮನೆ. ಬೆಳಿಗ್ಗೆ ಅಪ್ಪನ ಹಣೆಗೂ ಹೀಗೇ ಕೈ ಇಟ್ಟಿದ್ದಳು. ಆ ತಣುಪು ಬೆರಳ ಗೆಣ್ಣುಗಳಲ್ಲಿ ಇನ್ನೂ ಉಳಿದಿತ್ತೇನೋ, ಡ್ರಮ್ಮಿನ ಬಿಸಿ ಅಲ್ಲಿಗೇ ಹೋಗಿ ತಾಗಿತು.

ಎರಡಕ್ಕೂ ಸೇರಿದ ಹ್ಯಾಂಡ್‌ಬ್ರೇಕಿನ ತಂತಿ ಸಡಿಲವಾಗಿಯೇ ಇತ್ತು, ತಪ್ಪು ಅದರದ್ದಲ್ಲ. ಸೀಟಿನ ಕೆಳಗಿನ ಸ್ಪ್ಯಾನರ್ ತೆಗೆದುಕೊಂಡು ಅವಳು ಕಾರಿನ ಹಿಂದೆ ಅಂಗಾತ ಮಲಗಿದಳು. ಬ್ರೇಕಿನ ಗಾಳಿ ತೆಗೆಯುವ ನಿಪ್ಪಲನ್ನು ಒಂದು ಸುತ್ತು ಸಡಿಲಿಸಿದ್ದೇ ಬ್ರೇಕ್ ಆಯಿಲ್ ಚಿಮ್ಮಿ ಅವಳ ಮಣಿಕಟ್ಟನ್ನು ತೋಯಿಸಿತು. ಚಕ್ರಗಳ ಒಳಗೆ 'ಟಕ್' ಎಂದಿತು. ಕಾರು ಉಸಿರು ಬಿಟ್ಟಂತೆ ಅಲುಗಿ ಕಲ್ಲಿಗೆ ಒರಗಿತು.

ಎರಡು ಚಕ್ರಕ್ಕೂ ಆಯಿಲ್ ಒಯ್ಯುವ ರಬ್ಬರಿನ ಪೈಪು ಒಂದೇ. ಹೊರಗೆ ಗಟ್ಟಿಮುಟ್ಟು, ಒಳಗೆ ಊದಿಕೊಂಡಿದೆ. ಕಾಲು ಒತ್ತಿದರೆ ಆಯಿಲ್ ಹೋಗುತ್ತದೆ, ಕಾಲು ತೆಗೆದರೆ ಹಿಂದಕ್ಕೆ ಮೆಲ್ಲಗೆ ಜಿನುಗಿ ಬರಬೇಕಷ್ಟೆ. ಇಳಿಜಾರಿನುದ್ದಕ್ಕೂ ಒತ್ತುತ್ತ ಬಂದರೆ ತಿರುವಿನ ಹೊತ್ತಿಗೆ ಕಚ್ಚಿಕೊಳ್ಳಲೇಬೇಕು. ಅಪ್ಪ ಅವಳಿಗೆ ಕಲಿಸಿದ ಮೊದಮೊದಲ ಪಾಠ ಇದು. ಇದು ಅವರಿಗೆ ತಿಳಿಯಲಿಲ್ಲವೆ? ನಿಜವಾಗಿಯೂ ಕೈ ಕೆಟ್ಟುಹೋಗಿತ್ತೆ?

ನಿಪ್ಪಲ್ ಬಿಗಿದು, ಕೈ ಒರೆಸಲು ಚಿಂದಿ ಹುಡುಕುತ್ತ ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ತೆರೆದಳು. ಚಿಂದಿಯ ಅಡಿಯಲ್ಲಿ ಹೊಸ ಪೈಪೊಂದು ಇತ್ತು. ಪ್ಯಾಕೆಟ್ಟು ಒಡೆದಿರಲಿಲ್ಲ, ಮೇಲೆ ಧೂಳು ಕೂತಿತ್ತು.

"ಇದೇ ಪೈಪಾ?" ಅಣ್ಣ ಕೇಳಿದ.

"ಇದೇ."

"ತಂದಿಟ್ಕೊಂಡು ಹಾಕ್ಲಿಲ್ವಾ? ಯಾಕೆ?"

ದರ್ಜಿ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದ.

"ನಾನೂ ಕೇಳ್ತಿದ್ದೆ. ನಗ್ತಿದ್ರು ಅಷ್ಟೆ. ಗಾಡಿ ಇಲ್ಲಿ ನಿಲ್ಲೋದು, ಇವರು ಕಲ್ಲು ಕೊಟ್ಟು ಮೇಲಕ್ಕೆ ನಡೆಯೋರು. ಎಲ್ಲಿಗೆ ಯಜಮಾನ್ರೇ ಅಂದ್ರೆ, 'ಬೀಗ ನೋಡ್ಬೇಕಂತೆ' ಅನ್ನೋರು. ನೋಡಿ ಬರೋ ಹೊತ್ತಿಗೆ ಚಕ್ರ ಬಿಟ್ಟಿರೋದು."

ಲಾರಿ ಡ್ರೈವರ್ ತಲೆ ತಗ್ಗಿಸಿದ. ಅತ್ತೆ ಕಾರಿನಿಂದ ಕೈ ತೆಗೆದಳು.

"ಈಗ್ಲೇ ಹಾಕಿಬಿಡು ಅದನ್ನ," ಎಂದ ಅಣ್ಣ.

"ಈಗ ಬೇಡ. ನಿಧಾನಕ್ಕೆ ಹೋದ್ರೆ ಸ್ಮಶಾನದ ತನಕ ತೊಂದರೆ ಇಲ್ಲ."

ಅವಳು ಹೊಸ ಪೈಪನ್ನು ಡಬ್ಬಿಯೊಳಗೆ ಇದ್ದಂತೆಯೇ ಇಟ್ಟಳು.

*

ಸಂಜೆ ಅತ್ತೆಯನ್ನು ತನ್ನ ಮನೆಗೆ ಕರೆದೊಯ್ಯುವ ಮುಂಚೆ ಅಣ್ಣ ಕಾರಿನ ಕೀಲಿಯನ್ನು ಅವಳ ಕೈಗಿಟ್ಟ. "ನೀನೇ ಇಟ್ಕೋ. ಪೈಪು ಮಾತ್ರ ಮರೀಬೇಡ."

ಎಲ್ಲರೂ ಹೋದ ಮೇಲೆ ಅವಳು ಮಡಚಿದ ಸೀಟನ್ನು ಎತ್ತಿ ನಿಲ್ಲಿಸಿ, ಒರೆಸಿದಳು. ಮನೆಗೆ ಬೀಗ ಹಾಕಿ, ಕಾರು ಹತ್ತಿ ಇಳಿಜಾರಿಗೆ ಬಿಟ್ಟಳು. ಬೆಳಿಗ್ಗೆಯಂತೆಯೇ ಕಾಲು ಬ್ರೇಕಿನ ಮೇಲಿತ್ತು. ದರ್ಜಿಯ ಅಂಗಡಿ ಮುಚ್ಚಿತ್ತು. ತಿರುವಿನಲ್ಲಿ ಹಿಂದಿನ ಚಕ್ರಗಳು ಕಚ್ಚಿಕೊಂಡವು.

ಅವಳು ಕನ್ನಡಿಯಲ್ಲಿ ನೋಡಿದಳು. ಸೀಟು ಖಾಲಿ ಇತ್ತು. ಒಂದು ಬದಿಯಲ್ಲಿ ಮಾತ್ರ ವರ್ಷಗಟ್ಟಲೆ ಕೂತು ಆದ ತಗ್ಗು.

"ಹಾಕಿದೀನಮ್ಮ," ಎಂದಳು.

ಸ್ಪ್ಯಾನರ್ ಸೀಟಿನ ಕೆಳಗೇ ಉಳಿಯಿತು. ಅವಳು ಇಳಿದು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಏರು ಹತ್ತಿದಳು. ಮಬ್ಬಿನಲ್ಲಿ ಬೀಗವನ್ನು ತಡವಿ ಹಿಡಿದು ಒಮ್ಮೆ ಎಳೆದಳು. ಬೀಗ ಬಿದ್ದಿತ್ತು. ಆದರೂ ಇನ್ನೊಂದು ಸಲ ಎಳೆದಳು.

ಕೆಳಗೆ ತಿರುವಿನಲ್ಲಿ ಚಕ್ರ 'ಟಕ್' ಎಂದು ಬಿಟ್ಟುಕೊಂಡದ್ದು ಇಲ್ಲಿಯವರೆಗೆ ಕೇಳಿಸಿತು.