ಗುಡ್ಡದ ಚಿತ್ರದ ಕೆಳಗಿನ ಹೆಸರು

ಚಿತ್ರ ಅಚ್ಚು ಹಾಕುವವರ ಸಂಗತಿಯನ್ನು ಆ ಕಸುಬಿನ ಗಂಧಗಾಳಿ ಇಲ್ಲದವರು ಹೇಳಹೊರಡುವುದು ದೊಡ್ಡ ಧೈರ್ಯವೇ ಸರಿ. ತಾಮ್ರ, ಮೇಣ, ತೇಜಾಬುಗಳ ವಿಷಯದಲ್ಲಿ ಇಲ್ಲಿ ತಪ್ಪು ನುಸುಳಿದ್ದರೆ ಬಲ್ಲವರು ಮನ್ನಿಸಬೇಕು.

ಮಾಯವ್ವನ ಗಂಡ ಗಜೇಂದ್ರಗಡದ ಪೇಟೆಯಲ್ಲಿ, ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದ. ಮದುವೆಗೆ ಕೊಡುವ ಕೊಡವಿರಲಿ, ತಂಬಿಗೆಯಿರಲಿ, ಕೊಟ್ಟವರ ಹೆಸರು ಅವನ ಉಳಿಯಿಂದಲೇ ಮೂಡಬೇಕು. ಹರೆಯದಲ್ಲಿ ಮುಂಬೈಯ ಒಂದು ಛಾಪಖಾನೆಯಲ್ಲಿ ದುಡಿದಾಗ ಅವನು ಇನ್ನೊಂದು ಕೆಲಸವನ್ನೂ ಕಲಿತು ಬಂದಿದ್ದ. ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀರಿ ಚಿತ್ರ ಬರೆದು, ತಗಡನ್ನು ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಅದ್ದುವುದು. ಗೀರಿದಲ್ಲೆಲ್ಲ ತೇಜಾಬು ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಮೇಲೆ ಹಸಿ ಕಾಗದ ಹಾಸಿ ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಆದರೆ ಎಡ ಬಲವಾಗಿ, ಬಲ ಎಡವಾಗಿ.

ಏಕೀಕರಣವಾದ ಮರುವರ್ಷ ಅವನು ಊರ ಗುಡ್ಡವನ್ನು ಹೀಗೆ ಅಚ್ಚು ಹಾಕಿದ. ಕೋಟೆಯ ಗೋಡೆ, ಏರುವ ಮೆಟ್ಟಿಲು, ಕೆಳಗಿನ ಎರೆಹೊಲ ಎಲ್ಲವನ್ನೂ ತಗಡಿನ ಮೇಲೆ ತಿರುವಿ ಬರೆದಿದ್ದರಿಂದ ಕಾಗದದಲ್ಲಿ ಗುಡ್ಡ ಇದ್ದ ಹಾಗೇ ಬಂತು. ಕೊನೆಗೆ ಮೂಲೆಯಲ್ಲಿ ಹೆಸರು ಹಾಕಿದ. ಸಾವಿರಾರು ಕೊಡಗಳ ಮೇಲೆ ನೆಟ್ಟಗೆ ಬರೆದ ಕೈ ತಗಡಿನ ಮೇಲೂ ನೆಟ್ಟಗೇ ಬರೆಯಿತು. ಹೀಗಾಗಿ ಕಾಗದದ ಮೇಲೆ ಹೆಸರೊಂದು ಮಾತ್ರ ತಿರುವಿ ಬಿತ್ತು.

ಆಗಲೇ ರೋಣದ ಒಂದು ಸಾಲೆಯಲ್ಲಿ ತಾಲೂಕಿನವರ ಕೈಕೆಲಸದ ಪ್ರದರ್ಶನ ಏರ್ಪಟ್ಟಿತು. ಗಂಡ ಚಳಿಜ್ವರದಿಂದ ಮಲಗಿದ್ದ. ಮಾಯವ್ವ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿ ಅಡಿವೆವ್ವನನ್ನು, ಕರೆದುಕೊಂಡು, ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಪ್ರದರ್ಶನದ ಹಿರಿಯರು ಪ್ರಭುಲಿಂಗಪ್ಪನವರು. ಹಳೆಯ ಕಚೇರಿಗಳ ಮರಾಠಿ ಕಾಗದಗಳು ಮೋಡಿ ಎಂಬ ಗಂಟುಗಂಟಾದ ಲಿಪಿಯಲ್ಲಿರುತ್ತಿದ್ದವು. ಅವನ್ನು ಓದುವುದರಲ್ಲೇ ಅವರ ನೌಕರಿ ಸವೆದಿತ್ತು. ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು.

“ಯಾರದವಾ ಇದು?”

“ನಮ್ಮ ಮನಿಯವರದ್ರಿ.”

“ಮನಿಯವರದು? ಇಲ್ಲಿ ಮೋಡಿಯೊಳಗ ಚೊಕ್ಕ ಬರದೈತಿ, ಶಂಕರ ಪುಣೇಕರ ಅಂತ. ಪುಣೇದವರ ಚಿತ್ರ ತಂದು ನಮ್ಮದು ಅಂದ್ರ ಹ್ಯಾಂಗ? ಕಳವಿನ ಮಾಲು ಅಂತಾರ ಇದಕ್ಕ.”

ಸೀರೆಯ ಗಂಟು ಹೊತ್ತು ಹಿಂದೆ ನಿಂತಿದ್ದ ನೇಕಾರ ಕಳಕಪ್ಪ ನಕ್ಕ. “ಗಂಡನ್ನೂ ಪುಣೇದಿಂದನ ತಂದೀಯೇನವಾ?”

“ಹೆಸರು ತಿರುವಿ ಬಿದ್ದೈತ್ರಿ ಯಪ್ಪಾ,” ಎಂದಳು ಮಾಯವ್ವ.

“ಗುಡ್ಡ ನೆಟ್ಟಗೈತಿ. ಹೆಸರಷ್ಟ ಹ್ಯಾಂಗ ತಿರುವತೈತಿ?” ಎಂದರು ಪ್ರಭುಲಿಂಗಪ್ಪನವರು. “ಹೋಗ್ಲಿ, ನಿನ್ನ ಗಂಡನ ಹೆಸರರೆ ಏನು?”

ಗಂಡನ ಹೆಸರು ಹೇಳುವುದುಂಟೆ? ಮಾಯವ್ವ ಅಡಿವೆವ್ವನ ಕಡೆ ನೋಡಿದಳು. ಅವಳು ಸೆರಗು ಇನ್ನಷ್ಟು ಮುಂದೆಳೆದುಕೊಂಡಳು.

“ನನ್ನ ಕಡೆ ಏನ್ ನೋಡ್ತಿ ಯಕ್ಕಾ? ನನಗವರು ಭಾವ ಆಗಬೇಕು. ನಾನೂ ಹೆಸರು ಹೇಳಾಂಗಿಲ್ಲ.”

“ಯಾವ ದೇವರ ಹೆಸರು, ಅದನ್ನರೆ ಹೇಳವಾ,” ಎಂದರು ಪ್ರಭುಲಿಂಗಪ್ಪನವರು.

“ಕೈಲಾಸದಾಗಿರೋ ದೇವರ್ರಿ.”

“ನೋಡು ಮತ್ತ! ಶಂಕರ ಅಂತ ನಾ ಓದಿದ್ದು ಖರೇ ಆತಿಲ್ಲೋ! ಆದ್ರ ನೀವು ಪುಣೇಕರ ಅಲ್ಲ. ಹೆಸರು ಒಂದ ಆದ್ರ ಚಿತ್ರ ನಿಮ್ಮದಾಗತೈತೇನು? ಲಗೂ ತಗೊಂಡು ಹೋಗ್ರಿ.”

ಅವರು ಚಿತ್ರವನ್ನು ಅವಳು ಸುತ್ತಿ ತಂದಿದ್ದ ಸೀರೆಯ ಮೇಲಿಟ್ಟು ಮುಂದಿನವನನ್ನು ಕರೆದರು. ಕಳಕಪ್ಪ ಗಂಟು ಬಿಚ್ಚತೊಡಗಿದ. ಮನೆಯಲ್ಲಿ ಹಾಸಿಗೆಯಲ್ಲಿದ್ದ ಗಂಡ ಚಿತ್ರ ತೂಗುಹಾಕಿದರೇ ಎಂದು ಕೇಳಿದರೆ ಏನು ಹೇಳುವುದು? ನಿಮ್ಮನ್ನು ಕಳ್ಳರೆಂದರು ಎಂದೆ? ಹೆಂಗಸರು ಗಂಡನ ಹೆಸರು ಹೇಳುವುದಕ್ಕೆ ಇದ್ದ ದಾರಿ ಒಂದೇ. ಮದುವೆಯಲ್ಲಿ ಬಾಗಿಲು ತಡೆದು ನಿಂತವರಿಗೆ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುವುದು. ಅದನ್ನು ಹೇಳಿ ಎಷ್ಟೋ ವರ್ಷವಾಗಿತ್ತು. ಇಲ್ಲಿ ಗಂಡಸರ ಗುಂಪು ಬೇರೆ. ಮಾಯವ್ವ ಗೋಡೆಯ ಕಡೆ ಮುಖ ತಿರುಗಿಸಿ ಒಂದೇ ಉಸಿರಿಗೆ ಹೇಳಿದಳು:

“ಗುಡ್ಡದ ಮ್ಯಾಲ ಮಳಿ ಬಿದ್ದು ಕೆರಿ ತುಂಬೇತಪ್ಪ,
ತಾಮ್ರದಾಗ ಗುಡ್ಡ ಕೊರದವರು ನಮ್ಮ ಶಿವನಪ್ಪ.”

ಕಳಕಪ್ಪ, “ಭಲೆ ಯವ್ವಾ! ಇನ್ನೊಮ್ಮೆ ಆಗ್ಲಿ!” ಎಂದು ಕೂಗಿದ.

“ಸುಮ್ನಿರೋ. ಇಷ್ಟು ಮಂದ್ಯಾಗ ಗಂಡನ ಹೆಸರು ಹಿಡದು ಹೆಣ್ಮಗಳು ಸುಳ್ಳು ಹೇಳಾಂಗಿಲ್ಲ,” ಎಂದರು ಪ್ರಭುಲಿಂಗಪ್ಪನವರು. ಚಿತ್ರವನ್ನು ಮತ್ತೆ ಎತ್ತಿಕೊಂಡು, ಈ ಸಲ ಬಲದಿಂದ ಎಡಕ್ಕೆ ಬೆರಳಾಡಿಸಿದರು. “ಶಿ... ವ... ನ... ಹೌದಲ್ಲೋ! ಕನ್ನಡನ ಐತಿ. ಮೋಡಿ ಓದಿ ಓದಿ ನನಗ ಮೋಡಿ ಹಾಕಿದಂಗ ಆಗೇತಿ.”

ಚಿತ್ರವನ್ನು ಅವರೇ ಗೋಡೆಗೆ ತೂಗುಹಾಕಿದರು. ಕೆಳಗೊಂದು ಚೀಟಿ ಅಂಟಿಸಿ, ಶಿವನಪ್ಪ, ಗಜೇಂದ್ರಗಡ ಎಂದು ದಪ್ಪಕ್ಷರದಲ್ಲಿ ಬರೆದರು.

ಮನೆಗೆ ಬಂದಾಗ ಶಿವನಪ್ಪ ಎದ್ದು ಕುಳಿತಿದ್ದ.

“ತೂಗುಹಾಕಿದ್ರೇನು?”

“ಹಾಕಿದ್ರು. ಹೆಸರೂ ಬರದ್ರು.”

“ಹೆಸರು ಯಾರು ಹೇಳಿದ್ರು?”

“ಯಾರೋ ಹೇಳಿದ್ರು,” ಎಂದು ಮಾಯವ್ವ ಗಂಜಿ ಕಾಸಲು ಒಳಗೆ ಹೋದಳು.

ಹೆಸರು ತಿರುವಿ ಬಿದ್ದದ್ದು ಕೈಯ ರೂಢಿಯಿಂದ ಎಂಬುದು ಮಾಯವ್ವನ ಮಾತು. ಶಿವನಪ್ಪ ತನ್ನ ಬಾಯಿಂದ ಹಾಗೆ ಹೇಳಿದ್ದಿಲ್ಲ. ತಪ್ಪು ಕಂಡ ಮೇಲೂ ಅವನು ಅದನ್ನು ಯಾಕೆ ತಿದ್ದಲಿಲ್ಲವೋ ತಿಳಿಯದು. ಪ್ರದರ್ಶನ ಮುಗಿದ ಮೇಲೆ ಆ ಚಿತ್ರ ಯಾರ ಮನೆ ಸೇರಿತೋ ಅದೂ ಗೊತ್ತಿಲ್ಲ.