ಆಷಾಢದ ಸಾಕ್ಷಿ

ಗುಮ್ಮಳಾಪುರದ ಕನಕಮ್ಮನವರು ಮಾತು ಮುಗಿಸುತ್ತಿದ್ದ ರೀತಿಯೇ ಬೇರೆ. ಎದುರಿನವರು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ‘ಅದಿರ್ಲಿ’ ಎಂದುಬಿಡುವರು. ಆ ಮೂರಕ್ಷರದ ಮುಂದೆ ಊರಿನ ಎಂತೆಂಥ ವಾಚಾಳಿಗಳೂ ಬಾಲ ಮುದುರಿಕೊಂಡು ಎದ್ದುಹೋದದ್ದುಂಟು. ತೀರಿಹೋದ ಗಂಡನ ಉಣ್ಣೆಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಅದರ ಉದ್ದ ತೋಳುಗಳನ್ನು ಮೊಣಕೈವರೆಗೆ ಮಡಚಿ, ಬೆಳಗಿನ ಮಂಜಿನಲ್ಲಿ ಗುಲಾಬಿ ಸಾಲುಗಳ ನಡುವೆ ಅವರು ಎಡಗಾಲನ್ನು ತುಸು ಎಳೆದು ಹಾಕುತ್ತ ನಡೆದು ಬರುತ್ತಿದ್ದರೆ, ಚಲಿಸುತ್ತಿರುವುದು ಅವರೋ ಮಂಜೋ ಎಂದು ನೋಡಿದವರಿಗೆ ಒಂದು ಕ್ಷಣ ಭ್ರಮೆಯಾಗಬೇಕು. ಹೂವನ್ನು ತೆಲುಗಿನಲ್ಲಿ ಎಣಿಸುವರು, ಹೊಸೂರಿನ ದಲ್ಲಾಳಿಗಳೊಂದಿಗೆ ತಮಿಳಿನಲ್ಲಿ ಚೌಕಾಸಿ ಮಾಡುವರು, ಬೈಯುವುದಕ್ಕೆ ಮಾತ್ರ ಕನ್ನಡವೇ ಆಗಬೇಕು. ಮುಖವೆತ್ತಿ ಯಾರನ್ನೂ ದಿಟ್ಟಿಸುವವರಲ್ಲ. ಹಾಗೆಂದು ಅವರ ಕಣ್ಣು ತಪ್ಪಿಸಿ ನಡೆದದ್ದೂ ಯಾವುದೂ ಇಲ್ಲ. ಯಾವ ಆಳು ಮೊಗ್ಗಿನ ದಂಟನ್ನು ಗಿಡ್ಡವಾಗಿ ಕತ್ತರಿಸಿದ, ಯಾರ ಮನೆಯ ಸೊಸೆ ಅತ್ತ ಕಣ್ಣಲ್ಲೇ ನೀರಿಗೆ ಬಂದಳು, ಎಲ್ಲವೂ ಗೊತ್ತು. ಹೇಳುತ್ತಿರಲಿಲ್ಲ, ಅಷ್ಟೆ.

ಅವರಿಗೆ ಒಬ್ಬಳೇ ಮಗಳು, ಉಷಾರಾಣಿ. ನರ್ಸ್ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವಳು ಅಲ್ಲಿಯ ಪೌರತ್ವವನ್ನೂ ಪಡೆದು, ಮೂವತ್ತು ದಾಟಿದ ಮೇಲೆ ಮದುವೆಗೆ ಮನಸ್ಸು ಮಾಡಿದಳು. ವರ ಚಲಪತಿ ಹೊಸೂರಿನ ಮಗ್ಗುಲ ಮೂಕಂಡಪಲ್ಲಿಯ ವರ್ಕ್‌ಶಾಪೊಂದರಲ್ಲಿ ಲೇತ್ ಓಡಿಸುತ್ತಿದ್ದವನು. ಮಾಲೂರಿನ ಕಡೆಯಿಂದ ಬಂದು ನೆಲೆಸಿದ ಮನೆತನ. ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಪ್ರಾಣಿ. ಈ ಹುಡುಗ ಕಟ್ಟುತ್ತಿರುವ ತಾಳಿ ಹುಡುಗಿಗಲ್ಲ, ವೀಸಾಕ್ಕೆ ಎಂದು ಕನಕಮ್ಮನವರ ತಮ್ಮ ಕೊಂಡಪ್ಪ ಮದುವೆಯ ಚಪ್ಪರದ ಕೆಳಗೇ ಸಾರಿದ್ದ. ಮರುವರ್ಷ ಚಲಪತಿ ವಿಮಾನ ಹತ್ತಿದ. ಹೆಂಡತಿಗೆ ರಾತ್ರಿ ಪಾಳಿ, ಗಂಡನಿಗೆ ಹಗಲು ಪಾಳಿ. ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುತ್ತ ಕಾಯುತ್ತಲೇ ಆ ಸಂಸಾರ ಸವೆದುಹೋಯಿತೋ ಏನೋ, ಎರಡು ವರ್ಷ ತುಂಬುವುದರೊಳಗೆ ವಿಚ್ಛೇದನವಾಯಿತು. ಕಾರಣವನ್ನು ಮಗಳು ಹೇಳಲಿಲ್ಲ, ತಾಯಿ ಕೇಳಲಿಲ್ಲ. ಕೊಂಡಪ್ಪನಂತೂ ತನ್ನ ಭವಿಷ್ಯವಾಣಿ ಫಲಿಸಿತೆಂದು ಊರೆಲ್ಲ ಟಾಂ ಟಾಂ ಹೊಡೆದ. ಗ್ರೀನ್ ಕಾರ್ಡಿಗೋಸ್ಕರ ಕಟ್ಟಿಕೊಂಡು ಕೈಬಿಟ್ಟ ಹೆಣ್ಣು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕನಕಮ್ಮನವರು ‘ಅದಿರ್ಲಿ’ ಎಂದು ತೋಟಕ್ಕೆ ನಡೆದುಬಿಡುವರು.

ಹೀಗಿರಲಾಗಿ, ಎರಡು ಸಾವಿರದ ಆರರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ರಜೆಗೆ ಊರಿಗೆ ಬಂದಿದ್ದ ಚಲಪತಿಯೇ ತೋಟಕ್ಕೆ ಬಂದು ನಿಂತ. ಅತ್ತೆ ಎನ್ನಬೇಕೋ ಕನಕಮ್ಮನವರೇ ಎನ್ನಬೇಕೋ ತೋಚದೆ ಬಹಳ ಹೊತ್ತು ಬರೀ ಕೈ ಹೊಸೆದ. ಕೊನೆಗೆ ತೊದಲುತ್ತ, ಬಂದ ಕಾರಣ ಹೇಳಿದ. ಮದುವೆಯ ಮೂಲಕ ಅವನಿಗೆ ಸಿಕ್ಕಿದ್ದ, ಅಮೆರಿಕದಲ್ಲಿ ನೆಲೆಸಲು ಬೇಕಾದ ಗ್ರೀನ್ ಕಾರ್ಡು ಎರಡು ವರ್ಷದ ಷರತ್ತಿನದು. ಷರತ್ತು ತೆಗೆಸಬೇಕಾದರೆ ಗಂಡ ಹೆಂಡತಿ ಕೂಡಿ ಅರ್ಜಿ ಹಾಕಬೇಕು. ಸಂಬಂಧ ಮುರಿದಿದ್ದರೆ ಒಬ್ಬನೇ ಹಾಕಬಹುದು, ಆದರೆ ಮದುವೆ ಕಾರ್ಡಿಗಾಗಿ ಆದದ್ದಲ್ಲ, ನಿಜವಾದದ್ದು ಎಂದು ತೋರಿಸಬೇಕು. ಅಲ್ಲಿಯ ವಕೀಲೆ ಇದ್ದಬದ್ದ ಕಾಗದಪತ್ರ, ಫೋಟೋಗಳನ್ನೆಲ್ಲ ಜೋಡಿಸಿದ್ದಾಳೆ. ಹೆಣ್ಣಿನ ಕಡೆಯವರೊಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ಅದಕ್ಕೆ ಬೇರೆಯೇ ತೂಕ ಎಂದಿದ್ದಾಳೆ. ಇಲ್ಲವಾದರೆ ಅಲ್ಲಿಯ ಕೆಲಸ, ಮನೆ, ಎಲ್ಲ ಬಿಟ್ಟು ಹೊರಡಬೇಕಾದೀತು. ಇಷ್ಟು ಹೇಳಿ, ಒಪ್ಪದಿದ್ದರೂ ತಪ್ಪು ತಿಳಿಯುವುದಿಲ್ಲ ಎಂದು ನೆಲ ನೋಡಿದ.

ಕೊಂಡಪ್ಪ ಕೆಂಡವಾದ. ‘ಸೈನ್ ಹಾಕಿದ್ರೆ ಅವನು ಸಾಚಾ ಅಂತಾಯ್ತದೆ ಅಕ್ಕ. ತಪ್ಪೆಲ್ಲ ನಮ್ಮ ಉಷಾಂದು ಅಂತಾಯ್ತದೆ.’

ಆ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಹೂ ಕತ್ತರಿಸುತ್ತ, ಕತ್ತರಿಸಿದ್ದನ್ನು ಬುಟ್ಟಿಗೆ ಹಾಕುವುದನ್ನೂ ಮರೆತು, ಕನಕಮ್ಮನವರು ಅದನ್ನೇ ಯೋಚಿಸಿದರು. ಸುಮ್ಮನಿದ್ದುಬಿಟ್ಟರೆ ಮಗಳು ನಿರಪರಾಧಿ, ಆದರೆ ಮೋಸಹೋದವಳು. ಒಂದು ದಿನವೂ ಯಾರಿಗೂ ಬೇಕಾಗದೆ ಹೋದವಳು. ಬಾಯಿ ಬಿಟ್ಟರೆ ತಪ್ಪಿನಲ್ಲಿ ಅವಳಿಗೂ ಒಂದು ಪಾಲು. ಎರಡರಲ್ಲಿ ಯಾವುದು ಮಗಳಿಗೆ ಹೆಚ್ಚು ಭಾರ? ಪೂರ್ವದ ಕಡೆ ಮಂಜು ಕರಗಿ ತೋಟವೆಲ್ಲ ಹಾಲು ಚೆಲ್ಲಿದಂತೆ ಬೆಳಗುತ್ತಿತ್ತು. ಅವರಿಗೆ ಮಾತ್ರ ಏನೂ ತಿಳಿಯಾಗಲಿಲ್ಲ. ಕೊನೆಗೆ, ತಾನು ನೋಡಿದ್ದನ್ನು ನೋಡಿಲ್ಲವೆನ್ನುವುದು ತನ್ನಿಂದಾಗದು ಎಂಬುದೊಂದೇ ಉಳಿಯಿತು.

ಹೊಸೂರಿನ ವಕೀಲ ವೆಂಕಟೇಶಪ್ಪ ಮೊದಲೇ ಒಂದು ಚೆಂದದ ಒಕ್ಕಣೆ ಸಿದ್ಧಪಡಿಸಿಟ್ಟಿದ್ದರು: ದಂಪತಿಗಳು ಅನ್ಯೋನ್ಯವಾಗಿ, ಆದರ್ಶಪ್ರಾಯರಾಗಿ ಬಾಳಿದರು, ಇತ್ಯಾದಿ. ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಂತೆ ಕನಕಮ್ಮನವರು ಕೈಯೆತ್ತಿ ತಡೆದರು. ಬಾಳಿದ್ದನ್ನು ತಾನು ಕಂಡವಳಲ್ಲ, ಅದನ್ನು ಹೊಡೆದುಹಾಕಿ ಎಂದರು. ಹಾಗಾದರೆ ಕಂಡದ್ದೇನು ಎಂದು ವಕೀಲರು ಕೇಳಿದ್ದಕ್ಕೆ, ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತ, ಜೀವಮಾನದಲ್ಲಿ ಎಂದೂ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದರು.

‘ಲಗ್ನ ಆಗಿ ಹದಿನೈದು ದಿನಕ್ಕೆ ಆಷಾಢ ಬಂತು. ಅಳಿಯ ಅತ್ತೆ ಮನೆ ಹೊಸ್ಲು ತುಳೀಬಾರ್ದು ಅಂತ ನಾನೇ ಕಟ್ಟು ಮಾಡ್ದೆ. ಮಗಳಿಗೆ ಇದ್ದಿದ್ದೇ ಎರಡು ತಿಂಗ್ಳು ರಜ. ಈ ಹುಡುಗ ದಿನಾ ಕೆಲಸ ಬುಟ್ಟು ಸೀದಾ ಬಂದು ಬೇಲಿ ಆಚೆ ನಿಂತ್ಕೊಳ್ಳೋನು. ಇವಳು ಬುಟ್ಟಿ ತತ್ತೀನಿ ಅಂತ ಹೋಗೋಳು. ಮಾತೂ ಇಲ್ಲ ಕತೇನೂ ಇಲ್ಲ. ಆ ಗಾಳೀಲಿ ಬೇಲಿಗೆ ಅತ್ಲಾಗೊಬ್ರು ಇತ್ಲಾಗೊಬ್ರು ನಿಂತಿರೋರು. ಕಾರ್ಡು ಬೇಕಾಗಿದ್ದೋನು ಯಾಕೆ ನಿಂತ್ಕೊಂತಾನೆ ಲಾಯರ್ರೇ? ತಾಳಿ ಕಟ್ಟಾಗಿತ್ತಲ್ಲ, ಮನೇಲಿ ಬೆಚ್ಚಗೆ ಮಲಗಿರೋನು.’

ವೆಂಕಟೇಶಪ್ಪನವರು ಪೆನ್ನು ತೆಗೆದುಕೊಂಡು ಒಂದಕ್ಷರ ಬಿಡದೆ ಬರೆದುಕೊಂಡರು. ಮೂಲೆಯ ಬೆಂಚಿನಲ್ಲಿದ್ದ ಚಲಪತಿ ಎದ್ದು ಹೊರಗೆ ಹೋದ; ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಒಳಗೆ ಬಂದ. ಕನಕಮ್ಮನವರು ಬರೆಸದೆ ಉಳಿಸಿಕೊಂಡದ್ದೂ ಒಂದಿತ್ತು. ಆ ಸಂಜೆಗಳಲ್ಲಿ ಊರವರ ಕಣ್ಣಿಗೆ ಆ ಇಬ್ಬರೂ ಬೀಳದಿರಲೆಂದು ಅಂಗಳದ ದೀಪವನ್ನು ಅವರೇ ಹಾಕುತ್ತಿರಲಿಲ್ಲ. ಶಾಸ್ತ್ರಕ್ಕೆ ಬೇಲಿ ಕಟ್ಟಿದವರೇ ಕತ್ತಲನ್ನೂ ಒದಗಿಸಿ, ಒಳಗೆ ಕಿಟಕಿಯ ಬಳಿ ಕೂತು, ಬೇಲಿಯ ಎರಡು ನೆರಳುಗಳತ್ತ ಒಂದು ಕಣ್ಣಿಟ್ಟು, ಅಕ್ಕಿ ಆರಿಸುವ ನೆವದಲ್ಲಿ ಗಾಳಿಯ ಸದ್ದಿಗೆ ಕಿವಿಗೊಡುತ್ತಿದ್ದರು. ಆ ತಿಂಗಳು ಬೇಲಿಯ ಆಚೀಚೆ ಮೂವರೂ ಒಂದೇ ಕನಸಿನಲ್ಲಿದ್ದಂತೆ ಇತ್ತು.

ಮರುವರ್ಷ ಚಲಪತಿಯ ಕಾರ್ಡಿನ ಷರತ್ತು ಕಳೆಯಿತು. ಆದರೆ ಅದಕ್ಕೂ ಮೊದಲೇ, ವಕೀಲರಲ್ಲಿಗೆ ಹೋಗಿಬಂದ ವಾರದ ಭಾನುವಾರವೇ ಉಷಾರಾಣಿಯ ಫೋನು ಬಂತು. ಕೊಂಡಪ್ಪ ಸುದ್ದಿ ಮುಟ್ಟಿಸಿದ್ದ. ಅವನ ಪರವಾಗಿ ಯಾಕೆ ಹೋದೆ ಎಂದು ಅವಳು ಕೇಳಿದಳು.

‘ಅವನಿಗಲ್ಲ ಕಣಮ್ಮ. ನಿನ್ನ ಲಗ್ನ ಸುಳ್ಳಲ್ಲ ಅಂತ ಹೇಳ್ಬುಟ್ಟು ಬಂದೆ. ಬೇಲಿ ಹತ್ರ ನಿಂತಿರ್ತಿದ್ರಲ್ಲ, ಅದನ್ನ ಹೇಳ್ದೆ.’

‘ಅಮ್ಮ, ನೀನು ನೋಡ್ತಿದ್ಯಾ?’ ಎಂದಳು ಉಷಾರಾಣಿ.

‘ದಿನಾ ನೋಡ್ತಿದ್ದೆ.’

ಬೇರೆಯಾದಾಗಲೂ ಅಳದಿದ್ದ ಮಗಳು ಆಗ ಅತ್ತಳು. ಅವಳು ಅತ್ತು ಮುಗಿಸುವವರೆಗೂ ಕನಕಮ್ಮನವರು ರಿಸೀವರನ್ನು ಕಿವಿಗೆ ಒತ್ತಿಹಿಡಿದು ಕೂತಿದ್ದರು.

ಸಂಬಂಧವೊಂದು ಮುರಿದಾಗ ಅದು ಮೊದಲಿನಿಂದಲೂ ಸುಳ್ಳೇ ಆಗಿತ್ತೆಂದುಕೊಂಡರೆ ನೋವು ಕಡಿಮೆ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಬದುಕುತ್ತೇವೆ, ಇಂದಿನ ಸಿಟ್ಟಿನಲ್ಲಿ ನಿನ್ನೆಯ ಸುಖವನ್ನೂ ಸುಟ್ಟುಕೊಂಡು. ಕನಕಮ್ಮನವರಂಥವರಿಗೆ ಆ ಅನುಕೂಲವಿಲ್ಲ. ಕಂಡದ್ದನ್ನು ಕಾಣಲಿಲ್ಲ ಎನ್ನಲಾರದ ಅವರು, ಮುಗಿದುಹೋದ ಪ್ರೀತಿಯೂ ಇದ್ದದ್ದು ನಿಜವೆಂದು ಹೇಳಲು ಮಾತ್ರ ಬಾಯಿ ತೆರೆಯುತ್ತಾರೆ. ಅಂಥವರೊಬ್ಬರು ಹೇಳಿದರೆ ಸಾಕು, ಬಿಟ್ಟುಹೋದವರಿಗೂ ಹಿಂದೆ ಉಳಿದವರಿಗೂ ತಾವು ಒಮ್ಮೆ ಯಾರಿಗೋ ಬೇಕಾಗಿದ್ದೆವೆಂದು ನಂಬಿಕೆ ಬರುತ್ತದೆ.