ಸಾಕ್ಷಿಗೆ ಕಟ್ಟಿದ ದಾರ

ಒನಕೆಯ ಕೊನೆಯ ಪೆಟ್ಟು ಬೀಳುವಷ್ಟರಲ್ಲಿ ಹೊಟ್ಟು ಬಿಟ್ಟು ಕೆಂಪಕ್ಕಿ ಹೊರಬಂದಿತ್ತು. ಮಂಜುಶ್ರೀ ಅದನ್ನು ಮೊರಕ್ಕೆ ಸುರಿದು ಕೇರಿದಳು. ಅಪ್ಪ ತೀರಿಕೊಂಡ ಸುದ್ದಿ ತಿಳಿದು ಗುತ್ತಲಿನಿಂದ ಮೊದಲ ಬಸ್ಸಿಗೆ ತವರೂರು ಪೂರಿಗಾಲಿಗೆ ಬಂದಾಗ, ಅಪ್ಪ ಸಿದ್ದರಾಮುವಿನ ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರು. ಬಾಯಿಗೆ ಹಾಕಲು ಯಾರೋ ಅಂಗಡಿ ಅಕ್ಕಿ ತಂದಿದ್ದರು. ಕಾಡಂಚಿನ ಇರುಳಿಗ ಬುಡಕಟ್ಟಿನವರ ಸೊಪ್ಪು, ಗೆಣಸು, ಭತ್ತ ಉಳಿಯಲಿ ಎಂದು ನಲವತ್ತು ವರ್ಷ ಆಫೀಸಿನಿಂದ ಆಫೀಸಿಗೆ ಅಲೆದವನ ಬಾಯಿಗೆ ಪಾಲಿಶ್ ಅಕ್ಕಿಯೇ? ಅವಳು ಅಟ್ಟದ ಮೇಲಿದ್ದ ಭತ್ತದ ಗಡಿಗೆ ಇಳಿಸಿದ್ದಳು.

ಬಂದವರೆಲ್ಲ ನಾಲ್ಕು ನಾಲ್ಕು ಕಾಳು ಹಾಕಿದ ಮೇಲೆ ಇರುಳಿಗರ ಮಾದಯ್ಯ ಬಂದ. ಎರಡು ಬಸ್ಸು ಬದಲಿಸಿದ್ದ. ಕಂಕುಳಲ್ಲಿ ಮಡಚಿದ ಬಟ್ಟೆ ಚೀಲ. ಹೆಣದ ತುಟಿಯ ಮೇಲಿನ ಕೆಂಪಕ್ಕಿ ನೋಡಿ ನಿಂತುಬಿಟ್ಟ.

"ಇದೆಲ್ಲಿತ್ತು ಕಣವ್ವ?"

"ಗಡಿಗೇಲಿ. ಅಪ್ಪ ಇಟ್ಟಿದ್ದು."

"ಎಲ್ಲಾನೂ ಕುಟ್ಬುಟ್ಟಾ?"

"ಇದ್ದಿದ್ದೇ ಒಂದು ಸೇರು..."

ಮಾದಯ್ಯ ಗಡಿಗೆ ಬೋರಲು ಹಾಕಿ ತಟ್ಟಿದ. ಧೂಳು ಬಿತ್ತು.

"ಕರಿಮೀಸೆ ಬತ್ತ ಕಣವ್ವ, ಬಿತ್ತನೇದು. ನಮ್ಮನ್ನ ಕಾಡಿಂದ ಎಬ್ಬಿಸ್ದಾಗ ಬೀಜ ಎಲ್ಲ ಓಯ್ತು. ನಿಮ್ಮಪ್ಪನ ತಾವ ಮಾತ್ರ ಉಳಿದಿತ್ತು. ಈ ಸಲ ಬಂದು ತಕ್ಕೊಂಡೋಗು ಅಂದಿದ್ದ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಂಜುಶ್ರೀಗೆ ಸ್ವಲ್ಪ ಹಗುರವಾಗುತ್ತಿತ್ತು.

*

ಸಿದ್ದರಾಮುವಿಗೆ ಗದ್ದೆ ಇರಲಿಲ್ಲ. ಇದ್ದದ್ದು ಕೆಮ್ಮು, ಜೊತೆಗೆ ಹತ್ತು ಜನರ ದನಿ. ಸಾಹೇಬರ ದನಿಯಲ್ಲಿ ತನ್ನ ಅರ್ಜಿಯನ್ನು ತಾನೇ ತಿರಸ್ಕರಿಸಿ, ಮರುಕ್ಷಣ ತನ್ನ ದನಿಯಲ್ಲಿ ಮೇಲ್ಮನವಿ ಹಾಕಿ ಊರನ್ನು ನಗಿಸುತ್ತಿದ್ದ. ಈ ವರ್ಷದ ಆಷಾಢದಲ್ಲಿ ಗೆಳೆಯ ಹೊನ್ನಯ್ಯ ಪೈರಿಗೆಂದು ಮಡಿಯಲ್ಲಿ ಭತ್ತ ಚೆಲ್ಲುತ್ತಿದ್ದಾಗ ಬದುವಿನ ಮೇಲೆ ಕೂತು ಕೇಳಿದ:

"ಒಂದು ಮೂಲೆ ಕೊಡ್ಲಾ ಹೊನ್ನ. ಗಡಿಗೇಲೇ ಇಟ್ರೆ ಬೀಜ ಸತ್ತೋಯ್ತದೆ."

"ನನ್ ಗದ್ದೇಗೆ ನಿನ್ ಕಾಡು ಬತ್ತ ಬ್ಯಾಡ, ಓಗ್ಲಾ."

ಸಿದ್ದರಾಮು ಜೇಬಿನೊಳಗೆ ಕೈಯಿಟ್ಟುಕೊಂಡೇ ಎದ್ದ. ಹೊನ್ನಯ್ಯ ಬೀಡಿ ಹಚ್ಚಲು ಅತ್ತ ತಿರುಗಿದ.

ತೆನೆ ಒಡೆಯುವ ಹೊತ್ತಿಗೆ ಹೊನ್ನಯ್ಯನ ಗದ್ದೆಯಲ್ಲಿ ಅಲ್ಲಲ್ಲಿ ಎದೆಯೆತ್ತರದ ಬೇರೆ ಪೈರು ತಲೆಯೆತ್ತಿತು. ಬೀಜ ಮಾರಿದವನನ್ನು ಊರಿಗೆಲ್ಲ ಕೇಳುವಂತೆ ಬೈದು, ಕೀಳಲು ಇಳಿದವನಿಗೆ ಫೋನು ಬಂತು.

"ಕೃಷಿ ಅಧಿಕಾರಿ ಮಾತಾಡ್ತಿರೋದು. ಕಿತ್ತರೆ ಕಳಪೆ ಬೀಜ ಮಾರಿದ್ದಕ್ಕೆ ಸಾಕ್ಷಿ ನಾಶ. ಒಂದೊಂದಕ್ಕೂ ಕೆಂಪು ದಾರ ಕಟ್ಟಿ, ಹಣ್ಣಾಗೋವರೆಗೂ ಕಾಯಿರಿ."

ಹೊನ್ನಯ್ಯ ಕಟ್ಟಿದ. ಗುಬ್ಬಿ ಕೂರಲೂ ಬಿಡದೆ ಕಾದ.

*

ಚಟ್ಟ ಹೊನ್ನಯ್ಯನ ಗದ್ದೆಯ ಬದು ಹಿಡಿಯಿತು. ತಲೆಯ ಕಡೆ ಹೆಗಲು ಕೊಟ್ಟವನು ಅವನೇ. ಮಂಜುಶ್ರೀ ಮಾದಯ್ಯನ ಮುಖ ನೋಡಲಾಗದೆ ನೆಲ ನೋಡುತ್ತ ನಡೆದಳು. ಇದ್ದಕ್ಕಿದ್ದಂತೆ ಮಾದಯ್ಯ ನಿಂತ.

"ಈ ದಾರ ಕಟ್ಟಿದ್ಯಾರು ಸಾಮಿ?"

"ನಾನೇ ಕಣಯ್ಯ. ಸಾಕ್ಷಿ ಅದು. ಆಫೀಸರು ಫೋನ್ ಮಾಡಿ ಏಳವ್ರೆ."

ಮಾದಯ್ಯ ತೆನೆಯ ಕಪ್ಪು ಮೀಸೆ ಸವರಿ, ಒಂದು ಕಾಳು ಉಗುರಲ್ಲಿ ಬಿಡಿಸಿದ. ಅಂಗೈಯಲ್ಲಿ ಕೆಂಪಕ್ಕಿ. ಅದನ್ನು ಮಂಜುಶ್ರೀ ಮುಂದೆ ಚಾಚಿದ.

ಅವಳು ಚಟ್ಟದತ್ತ ತಿರುಗಿದಳು. "ಹೊನ್ನಯ್ಯ ಮಾವ, ಆ ಆಫೀಸರು ಕೆಮ್ತಿದ್ರಾ?"

"ಊಂ ಕಣವ್ವ, ಎಲ್ಡು ಮಾತಿಗೊಂದ್ಸಲ. ನಾನೇ ಅಂದೆ, ಸುಂಟಿ ಕಸಾಯ ಕುಡೀರಿ ಸಾರ್ ಅಂತ..."

ಮುಂದಿದ್ದ ತಮಟೆ ನಿಂತಿತು. ಹೊನ್ನಯ್ಯ ಹೆಗಲ ಮೇಲಿನ ಮುಖದತ್ತ ಕತ್ತು ಹೊರಳಿಸಿದ.

"ಲೇ ಸಿದ್ರಾಮ, ನನ್ನೇ ಕಾವಲಿಗಿಟ್ಬುಟ್ಯೇನ್ಲಾ!"

ಯಾರೋ ಮೆಲ್ಲಗೆ ನಕ್ಕರು. ಇನ್ನೊಬ್ಬರು ಸೆರಗು ಅಡ್ಡ ಹಿಡಿದರು. ಹೊನ್ನಯ್ಯ ಮಾತ್ರ ಗದ್ದೆಯ ಆ ತುದಿಗೂ ಕೇಳುವಂತೆ, ಕಣ್ಣೀರು ಬಾಯಿಗಿಳಿಯುತ್ತಿದ್ದರೂ ನಕ್ಕ. ಮಾದಯ್ಯ ಚೀಲ ಬಿಚ್ಚಿಕೊಂಡು ಗದ್ದೆಗಿಳಿದ. ನಗುವಿಗೆ ಚಟ್ಟ ಕುಲುಕಿ, ಸಿದ್ದರಾಮುವಿನ ತುಟಿಯಿಂದ ಒಂದು ಕೆಂಪಕ್ಕಿ ಕಾಳು ಜಾರಿ ಹೊನ್ನಯ್ಯನ ತೋಳಿಗೆ ಅಂಟಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ನಗುತ್ತಲೇ ಇದ್ದ.